ಐದು, ಎರಡೂವರೆ, ಸೊನ್ನೆ

ಬೆಳಿಗ್ಗೆ ಎದ್ದ ಮೇಲೆ ನನಗೆ ಮೊದಲ ಪರೀಕ್ಷೆ ರಂಗೋಲಿ. ಹೆಬ್ಬೆರಳು, ತೋರುಬೆರಳಿನ ಸಂದಿಯಿಂದ ಪುಡಿ ಬಿಟ್ಟು ಒಂದು ಎಳೆ ಎಳೆದರೆ ಸಾಕು, ಬೆರಳ ಗಂಟು ಬಿಗಿದಿದೆಯೋ ಇಲ್ಲವೋ ಗೊತ್ತಾಗುತ್ತದೆ. ಇದು ಡಾಕ್ಟರು ಹೇಳಿಕೊಟ್ಟಿದ್ದಲ್ಲ. ಸ್ಟಿರಾಯ್ಡ್ ಬಿಡುವಾಗ ನಾನೇ ಕಂಡುಕೊಂಡಿದ್ದು.

2016ರಲ್ಲಿ ರುಮಟಾಯ್ಡ್ ಸಂಧಿವಾತ ಅಂತ ಗೊತ್ತಾಯಿತು. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ದಿನಾ ಬೆಳಿಗ್ಗೆ ತಿಂಡಿ ಆದ ಮೇಲೆ 10 ಮಿ.ಗ್ರಾಂ. ಪ್ರೆಡ್ನಿಸೊಲೋನ್ ಅನ್ನೋ ಸ್ಟಿರಾಯ್ಡ್ ಮಾತ್ರೆ. ಮೂರನೇ ದಿನಕ್ಕೆ ನಾನು ಬಟ್ಟೆ ಹಿಂಡಿದೆ! ಎಂಟು ತಿಂಗಳಿಂದ ಆಗದ ಕೆಲಸ. ಇಂಥ ಮಾತ್ರೆಯನ್ನು ಯಾರಾದರೂ ಬಿಡ್ತಾರಾ? ಮೆಥೊಟ್ರೆಕ್ಸೇಟ್ ರೋಗವನ್ನು ಹಿಡಿತಕ್ಕೆ ತರೋಕೆ ಕೆಲವು ವಾರ ಬೇಕು, ಅಲ್ಲಿವರೆಗೆ ಮಾತ್ರ ಇದು ಎಂದು ಡಾಕ್ಟರು ಹೇಳಿದ್ದರು. ನಾನು ತೋರಿಸೋಕೆ ಹೋಗೋದನ್ನೇ ಬಿಟ್ಟೆ. ಅದೇ ಹಳೇ ಚೀಟಿ ಹಿಡಿದು ಮೆಡಿಕಲ್ ಶಾಪಿನಲ್ಲಿ ಮೂರು ವರ್ಷ ಮಾತ್ರೆ ತಗೊಂಡೆ.

ಮುಖ ಪೂರಿಯ ಹಾಗೆ ಊದಿತು. ಕೈ ಎಲ್ಲಾದರೂ ತಗುಲಿದರೆ ನೀಲಿ ಕಲೆ. ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿತ್ತು. 2019ರಲ್ಲಿ ಒಂದು ಮದುವೆಯ ಫೋಟೋ ನೋಡಿ ತಂಗಿ, "ಅಕ್ಕಾ, ಇದರಲ್ಲಿ ನಿನ್ನ ಗುರುತೇ ಸಿಗಲ್ವಲ್ಲೇ" ಅಂದಳು. ಮಾರನೇ ದಿನದಿಂದ ಸ್ಟಿರಾಯ್ಡ್ ಮಾತ್ರೆ ಬಂದ್.

ನಾಲ್ಕನೇ ದಿನ ವಾಂತಿ. ಐದನೇ ದಿನ ಅಡುಗೆಮನೆಯಲ್ಲಿ ಕುಕ್ಕರ್ ಇಳಿಸೋಕೆ ಹೋಗಿ ಬಿದ್ದೆ. ಆಸ್ಪತ್ರೆಯಲ್ಲಿ ಬಿ.ಪಿ. 80ಕ್ಕೆ ಇಳಿದಿತ್ತು. ಮೊದಲು ಗ್ಯಾಸ್ಟ್ರಿಕ್ ಅಂದರು. ನಮ್ಮ ಯಜಮಾನರು ಜೇಬಿನಲ್ಲಿಟ್ಟುಕೊಂಡಿದ್ದ ಖಾಲಿ ಸ್ಟ್ರಿಪ್ ತೋರಿಸಿದ ಮೇಲೇ ಹೈಡ್ರೊಕಾರ್ಟಿಸೋನ್ ಅನ್ನೋ ಸ್ಟಿರಾಯ್ಡ್ ಇಂಜೆಕ್ಷನ್, ಸಲೈನ್ ಎಲ್ಲ ಬಂತು. ಆ ಸ್ಟ್ರಿಪ್ ಕಸಕ್ಕೆ ಹೋಗಿದ್ದರೆ ಏನಾಗುತ್ತಿತ್ತೋ.

ಮತ್ತೆ ಸಂಧಿವಾತದ ಡಾಕ್ಟರ ಹತ್ತಿರ ತಲೆ ತಗ್ಗಿಸಿಕೊಂಡು ಹೋದೆ. ಅವರು ಬೈಯಲಿಲ್ಲ. "ಅಮ್ಮಾ, ಕಿಡ್ನಿ ಮೇಲೆ ಟೋಪಿ ಥರ ಅಡ್ರಿನಲ್ ಗ್ರಂಥಿ ಇರುತ್ತೆ. ದೇಹಕ್ಕೆ ಬೇಕಾದ ಕಾರ್ಟಿಸಾಲ್ ಅನ್ನೋ ಹಾರ್ಮೋನು ಅದೇ ತಯಾರು ಮಾಡ್ಬೇಕು. ಮೂರು ವರ್ಷ ನೀವು ಅದೇ ಥರದ್ದನ್ನು ಮಾತ್ರೆಯಾಗಿ ಹೊರಗಿನಿಂದ ತಂದು ಹಾಕಿದ್ರಿ, ಗ್ರಂಥಿ ಮಲಗಿಬಿಟ್ಟಿದೆ. ಮೆಲ್ಲಗೆ ಎಬ್ಬಿಸೋಣ" ಅಂದರು.

ಹತ್ತರಿಂದ ಏಳೂವರೆ, ಏಳೂವರೆಯಿಂದ ಐದು. ಇಷ್ಟಕ್ಕೆ ಅಂಥ ಕಷ್ಟವೇನೂ ಆಗಲಿಲ್ಲ. ದೇಹ ತಾನೇ ದಿನಕ್ಕೆ ತಯಾರಿಸುವ ಕಾರ್ಟಿಸಾಲ್ ಸುಮಾರು 5 ಮಿ.ಗ್ರಾಂ. ಪ್ರೆಡ್ನಿಸೊಲೋನಿಗೆ ಸಮ. ಹಾಗಾಗಿ ಐದರ ಕೆಳಗೆ ಇಳಿದಾಗಲೇ ಗ್ರಂಥಿ ಎದ್ದು ಕೆಲಸ ಮಾಡಬೇಕು. ನಿಜವಾದ ಪರದಾಟ ಅಲ್ಲೇ. 1 ಮಿ.ಗ್ರಾಂ. ಮಾತ್ರೆ ನಮ್ಮೂರಿನ ಅಂಗಡಿಯಲ್ಲಿ ಸಿಗಲಿಲ್ಲ. ಅದಕ್ಕೆ ಡಾಕ್ಟರು ದಿನದ ಲೆಕ್ಕ ಹಾಕಿಕೊಟ್ಟರು. ಮೊದಲ ಎರಡು ವಾರ ಭಾನುವಾರ ಮಾತ್ರ ಎರಡೂವರೆ, ಉಳಿದ ದಿನ ಐದು. ಮುಂದಿನ ಎರಡು ವಾರ ಭಾನುವಾರ, ಬುಧವಾರ. ಹೀಗೆ ಎರಡೂವರೆಗೆ ಒಂದೊಂದೇ ದಿನ ಸೇರಿಸುತ್ತಾ ಹೋಗೋದು. ಗೋಡೆಯ ಕ್ಯಾಲೆಂಡರಿನಲ್ಲಿ ಎರಡೂವರೆಯ ದಿನಕ್ಕೆ ಅರ್ಧಚಂದ್ರ ಬರೆದೆ. ಏಕಾದಶಿ, ಸಂಕಷ್ಟಿಯ ಪಕ್ಕದಲ್ಲೇ.

ಮೂರು ಅರ್ಧಚಂದ್ರದ ವಾರಕ್ಕೆ ಬಂದಾಗ ಮೈಯೆಲ್ಲ ನೋವು. ಮಧ್ಯಾಹ್ನ ಎರಡಕ್ಕೆ ಕಣ್ಣು ತಾನಾಗಿ ಮುಚ್ಚುತ್ತಿತ್ತು. ರೋಗ ತಿರುಗಿ ಬಂತು ಅಂತ ಅತ್ತೇಬಿಟ್ಟೆ. ಆದರೆ ರಂಗೋಲಿ ಎಳೆ ನೆಟ್ಟಗೆ ಬರುತ್ತಿತ್ತು. ಹಾಕಿ ಮುಗಿಸಿ ಕುಕ್ಕರುಗಾಲಿನಿಂದ ಏಳೋಕೆ ಮಾತ್ರ ಆಗುತ್ತಿರಲಿಲ್ಲ, ಗೇಟು ಹಿಡಿದುಕೊಂಡೇ ಏಳಬೇಕು. ಹಳೇ ನೋವು ಹೀಗಿರಲಿಲ್ಲ. ಅದರಲ್ಲಿ ಬೆರಳ ಗಂಟು ಊದಿ ಬಿಸಿಯಾಗುತ್ತಿತ್ತು, ಬಿಗಿತ ಬಿಡೋಕೆ ಒಂದು ಗಂಟೆಗೂ ಜಾಸ್ತಿ ಬೇಕಿತ್ತು, ಎಳೆ ತುಂಡು ತುಂಡು. ಡಾಕ್ಟರಿಗೆ ಇದನ್ನೇ ಹೇಳಿದೆ. ಉರಿಯೂತ ಇದೆಯೋ ಅಂತ ತೋರಿಸುವ ಇ.ಎಸ್.ಆರ್., ಸಿ.ಆರ್.ಪಿ. ರಕ್ತಪರೀಕ್ಷೆ ಮಾಡಿಸಿದರು, ಎರಡೂ ಸರಿ ಇತ್ತು. ಇದು ರೋಗದ ನೋವಲ್ಲ, ಸ್ಟಿರಾಯ್ಡ್ ಬಿಡುವ ನೋವು ಅಂದರು. ಏರಿಸಲೂ ಇಲ್ಲ, ಇಳಿಸಲೂ ಇಲ್ಲ. ಐದು ವಾರ ಅಲ್ಲೇ ನಿಂತೆವು.

ಮುಂದೊಮ್ಮೆ ಜ್ವರ ಬಂತು. ಜ್ವರ ಬಂದರೆ ಮಾತ್ರೆ ದುಪ್ಪಟ್ಟು ತಗೊಂಡು ಫೋನ್ ಮಾಡಿ ಅಂತ ಮೊದಲೇ ಹೇಳಿದ್ದರು. ಮೂರು ದಿನ ಹಾಗೇ ಮಾಡಿ ಮತ್ತೆ ಇದ್ದಲ್ಲಿಗೆ ಬಂದೆ. ಸೋತೆ ಅನ್ನಿಸಿತು, ಸುಮ್ನೆ.

ದಿನಾ ಎರಡೂವರೆಗೆ ಬಂದ ಮೇಲೆ ಬೆಳಿಗ್ಗೆ ಎಂಟಕ್ಕೆ, ಆ ದಿನದ ಮಾತ್ರೆ ನುಂಗುವ ಮೊದಲು, ರಕ್ತ ಕೊಟ್ಟು ಕಾರ್ಟಿಸಾಲ್ ಪರೀಕ್ಷೆ. ಮೊದಲ ಸಲ ಕಡಿಮೆ ಬಂತು. ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಿದಾಗ ಪರವಾಗಿಲ್ಲ ಅಂದರು. ಆಮೇಲೆ ದಿನ ಬಿಟ್ಟು ದಿನ, ಆಮೇಲೆ ಸೊನ್ನೆ. ಪೂರ್ತಿ ಒಂದೂಕಾಲು ವರ್ಷ ಹಿಡಿಯಿತು. ಮೆಥೊಟ್ರೆಕ್ಸೇಟ್ ಈಗಲೂ ಇದೆ, ಅದಿಲ್ಲದಿದ್ದರೆ ಇದು ಸಾಧ್ಯವೇ ಆಗುತ್ತಿರಲಿಲ್ಲ. ನನ್ನ ಜೊತೆ ಕಾಯುತ್ತಾ ಕೂರುತ್ತಿದ್ದ ಒಬ್ಬರು ಎರಡೂವರೆಯಲ್ಲೇ ನಿಂತಿದ್ದಾರೆ, ಅವರಿಗೆ ಅದೇ ಸರಿ ಅಂತ ಡಾಕ್ಟರೇ ಹೇಳಿದ್ದಾರೆ.

ಬಿಟ್ಟ ಮೇಲೂ ಗ್ರಂಥಿಗೆ ಒಂದು ವರ್ಷದವರೆಗೆ ಪೂರಾ ಶಕ್ತಿ ಬರದೇ ಇರಬಹುದಂತೆ. ಹಾಗಾಗಿ "ಇವರು ದೀರ್ಘಕಾಲ ಸ್ಟಿರಾಯ್ಡ್ ತೆಗೆದುಕೊಂಡಿದ್ದರು" ಅಂತ ಒಂದು ಚೀಟಿ ಪರ್ಸಿನಲ್ಲಿತ್ತು. ಹಲ್ಲು ಕೀಳಿಸೋಕೆ ಹೋದಾಗ ಅದನ್ನು ಕೊಟ್ಟೆ. ಹಲ್ಲಿನ ಡಾಕ್ಟರು ಎರಡು ಸಲ ಓದಿ, ಇಕ್ಕಳ ಪಕ್ಕಕ್ಕಿಟ್ಟು, ನಮ್ಮ ಡಾಕ್ಟರಿಗೆ ಫೋನ್ ಹಚ್ಚಿದರು.