ಮೊದಲು ಮೆದುಳನ್ನು ಕುದಿಸಬೇಕು

ಅಂಗಾಂಶ ಅರೆದು ಪೆಪ್ಟೈಡ್ (ಅಮೈನೋ ಆಮ್ಲಗಳ ಕಿರು ಸರಪಳಿ, ಹಲವು ಹಾರ್ಮೋನುಗಳು ಇಂಥವೇ) ಹುಡುಕುವ ಕಾಲ ಮುಗಿಯಿತು ಎಂದವರೇ ಹೆಚ್ಚು. "ಜೀನೋಮ್ ಕೈಯಲ್ಲಿದೆ, ಕಂಪ್ಯೂಟರಿನಲ್ಲೇ ಹುಡುಕಿ" ಎಂದರು ಹಿರಿಯ ಸಹೋದ್ಯೋಗಿಯೊಬ್ಬರು. ಆದರೆ ಹಸಿವಿನ ಹಾರ್ಮೋನಾದ ಗ್ರೆಲಿನ್ನಿಗೆ ಅಂಟಿಕೊಂಡ ಕೊಬ್ಬಿನಾಮ್ಲ ಜೀನಿನಲ್ಲಿ ಬರೆದಿಲ್ಲ. 1999ರಲ್ಲಿ ಅದು ಸಿಕ್ಕಿದ್ದು ಇಲಿಯ ಜಠರವನ್ನು ಅರೆದಾಗ.

ರಿಸೆಪ್ಟರ್ ಎಂದರೆ ಹಾರ್ಮೋನಿನ ಸಂದೇಶ ಹಿಡಿಯುವ ಕೋಶದ ಪ್ರೋಟೀನು. ಯಾವ ಪೆಪ್ಟೈಡ್ ಎಬ್ಬಿಸುತ್ತದೆಂದು ಗೊತ್ತಿಲ್ಲದ, ಅಂದರೆ ಜೋಡಿ ಸಿಕ್ಕದ ರಿಸೆಪ್ಟರೊಂದು ನನ್ನ ಬಳಿ ಇದೆ. ಅದಕ್ಕೆ ಕೈಹಾಕುವ ಮುನ್ನ, ಉತ್ತರ ಗೊತ್ತಿರುವ ಜಿಎನ್‌ಆರ್‌ಎಚ್ (ಸಂತಾನೋತ್ಪತ್ತಿಯನ್ನು ನಿಯಂತ್ರಿಸುವ ಮೆದುಳಿನ ಹಾರ್ಮೋನು) ರಿಸೆಪ್ಟರಿನ ಮೇಲೆ ವಿಧಾನವನ್ನು ಒರೆಗೆ ಹಚ್ಚಿದೆ.

ಮೊದಲ ಕಂತು 120 ಕುರಿ ಮೆದುಳು, ತಲಾ 60 ರೂಪಾಯಿ. ಮಂಜುಗಡ್ಡೆಯಲ್ಲಿಟ್ಟು ತಂದು ತಣ್ಣಗೇ ಅರೆದೆ. ಏನೂ ಸಿಗಲಿಲ್ಲ, ಕಿಣ್ವಗಳು ದಾರಿಯಲ್ಲೇ ಎಲ್ಲವನ್ನೂ ಮುಗಿಸಿದ್ದವು. ಎರಡನೆಯ ಸಲ ಆ ರಿಸೆಪ್ಟರ್ ಹೊತ್ತ ಕೋಶಗಳಿಗೆ ಕಚ್ಚಾ ಸಾರವನ್ನೇ ಹಾಕಿದೆ. ತಟ್ಟೆಯ ಎಲ್ಲ ಗುಳಿಗಳಲ್ಲೂ, ರಿಸೆಪ್ಟರ್ ಎದ್ದಾಗ ಹೊಳೆಯುವ ಕ್ಯಾಲ್ಸಿಯಂ ಬೆಳಕು ಜಿಗಿಯಿತು. ಎರಡು ದಿನ ಹಿಗ್ಗಿದೆವು. ರಿಸೆಪ್ಟರ್ ಇಲ್ಲದ ಬರಿಯ ಸಿಎಚ್‌ಒ (ಹ್ಯಾಮ್‌ಸ್ಟರಿನ ಅಂಡಾಶಯದ) ಕೋಶಗಳೂ ಅಷ್ಟೇ ಬೆಳಗಿವೆ ಎಂಬುದು ಮೂರನೆಯ ದಿನ ಕಂಡಿತು: ಅದು ಸಾರದಲ್ಲಿದ್ದ, ಆ ಕೋಶಗಳನ್ನು ತಾನೇ ಎಬ್ಬಿಸುವ ಎಟಿಪಿಯ (ಕೋಶಕ್ಕೆ ಶಕ್ತಿ ಕೊಡುವ ಅಣು) ಕೆಲಸ. ಸಾರದ ಅಣುಗಳನ್ನು ಬೇರ್ಪಡಿಸುವ ಹೊಸ ಸಿ18 ಕಾಲಂಗೆ ಕೊಟ್ಟ ಸುಮಾರು 70 ಸಾವಿರವೂ ಆಗಲೇ ಖರ್ಚಾಗಿತ್ತು.

ಮೂರನೆಯ ಸಲ ಕಸಾಯಿಖಾನೆಯ ಬಾಗಿಲಲ್ಲೇ ದ್ರವ ಸಾರಜನಕ ಇಟ್ಟುಕೊಂಡು ಬೆಳಗಿನ ನಾಲ್ಕಕ್ಕೆ ನಿಂತೆ. ಪ್ರಯೋಗಾಲಯದಲ್ಲಿ ಹೈಪೋಥಲಾಮಸ್ (ಹಾರ್ಮೋನು ಸ್ರವಿಸುವ ಮೆದುಳಿನ ತಳಭಾಗ) ತುಂಡುಗಳನ್ನು, ಕಿಣ್ವಗಳು ಕೆಡಲೆಂದು, ಕೊತಕೊತ ಕುದಿಯುವ ನೀರಿಗೆ ಹಾಕಿ ಹತ್ತು ನಿಮಿಷ ಬಿಟ್ಟೆ. ಗುಲಾಬಿ ಬಣ್ಣ ಹೋಗಿ ಬೇಯಿಸಿದ ಮೊಟ್ಟೆಯ ಬಿಳುಪು ಬಂತು. ಆಮೇಲೆಯೇ ಅಸಿಟಿಕ್ ಆಮ್ಲ, ಅರೆಯುವುದು, ಸಿ18. ಮುಂದಿನ ಎರಡು ಕಾಲಂಗಳ ಕ್ರಮವನ್ನು ಸದ್ಯಕ್ಕೆ ಹೇಳುವುದಿಲ್ಲ, ಗೆದ್ದದ್ದು ಅಲ್ಲಿಯೇ.

ಕಾಲಂನಿಂದ ಬೇರ್ಪಟ್ಟು ಬಂದ ಭಾಗಗಳಲ್ಲಿ ಒಂದಕ್ಕೆ ಮಾತ್ರ ರಿಸೆಪ್ಟರ್ ಹೊತ್ತ ಕೋಶಗಳು ಎದ್ದವು, ಬರಿಯ ಕೋಶಗಳು ಅಲುಗಲಿಲ್ಲ. ಮರುದಿನ ಅದೂ ಮಾಯ! ಪೆಪ್ಟೈಡ್ ಪ್ಲಾಸ್ಟಿಕ್ ಕೊಳವೆಯ ಗೋಡೆಗೆ ಅಂಟಿತ್ತು. ಚಿಟಿಕೆ ಬಿಎಸ್‌ಎ (ದನದ ರಕ್ತದ ಪ್ರೋಟೀನು) ಸೇರಿಸಿದ ಮೇಲೆ ಉಳಿಯಿತು. ಅಣುವಿನ ತೂಕ ಅಳೆಯುವ ಮಾಸ್ ಸ್ಪೆಕ್‌ಗೆ ಕಳಿಸುವ ಪಾಲಿಗೆ ಮಾತ್ರ ಅದನ್ನು ಸೇರಿಸಬಾರದು. ತೂಕ 1182ರ ಆಸುಪಾಸು ಬಂತು, ಅಂದರೆ ಜಿಎನ್‌ಆರ್‌ಎಚ್ ಅದೇ. ವಿಜ್ಞಾನಿ ರೋಜರ್ ಗಿಲ್ಲೆಮನ್ ಅವರ ತಂಡ ಟಿಆರ್‌ಎಚ್‌ಗಾಗಿ (ಥೈರಾಯ್ಡನ್ನು ನಿಯಂತ್ರಿಸುವ ಮೆದುಳಿನ ಹಾರ್ಮೋನು) ಲಕ್ಷಾಂತರ ಕುರಿಗಳ ಹೈಪೋಥಲಾಮಸ್ ಅರೆದಿತ್ತು. ನನಗೆ ಮೂರೂ ಕಂತು ಸೇರಿ ಸುಮಾರು 400 ಸಾಕಾದವು. ರಿಸೆಪ್ಟರ್ ಹೊತ್ತ ಕೋಶಗಳ ಸೂಕ್ಷ್ಮತೆ ಅಂಥದ್ದು.

ನಡುವೆ ಕೋಳಿ ಅಂಗಡಿಯಲ್ಲಿ ಬಿಟ್ಟಿ ಸಿಕ್ಕ ತಲೆಗಳನ್ನೂ ಹೀಗೆಯೇ ಕುದಿಸಿ ನೋಡಿದೆ. ಕಾಲಂನಿಂದ ಎರಡು ಶಿಖರ (ಎರಡು ಬೇರೆ ಅಣುಗಳ ಗುರುತು) ಬಂದವು. ಕೋಳಿಯ ಎರಡನೆಯ ಬಗೆಯ ಜಿಎನ್‌ಆರ್‌ಎಚ್ ಸಸ್ತನಿಯ ರಿಸೆಪ್ಟರನ್ನು ಚೆನ್ನಾಗಿಯೇ ಎಬ್ಬಿಸಿತು, ಮೊದಲನೆಯದು ಸಪ್ಪೆ.

ಕಂಪ್ಯೂಟರಿನಲ್ಲೇ ಹುಡುಕಿ ಎಂದಿದ್ದ ಸಹೋದ್ಯೋಗಿ ಮೊನ್ನೆ ಬಂದು ಎಷ್ಟು ನಿಮಿಷ ಕುದಿಸಿದಿರಿ ಎಂದು ಕೇಳಿ ಬರೆದುಕೊಂಡು ಹೋದರು. ಜೋಡಿ ಸಿಕ್ಕದ ರಿಸೆಪ್ಟರಿಗೆಂದು ಕುದಿಸಿದ ಇನ್ನೂ 90 ಮೆದುಳು ಫ್ರೀಜರಿನಲ್ಲಿವೆ.