ಗವರ್ನಮೆಂಟ್ 2305: ಮನೆಯಲ್ಲೇ ಕುಳಿತು ಅಮೆರಿಕದ ಸರ್ಕಾರವನ್ನು ಓದುವ ಬಗೆ

ಟೆಕ್ಸಾಸಿನ ಸರ್ಕಾರಿ ಕಾಲೇಜುಗಳಲ್ಲಿ ನೀವು ನರ್ಸಿಂಗ್ ಓದಿ, ಎಂಜಿನಿಯರಿಂಗ್ ಓದಿ, ಸಂಗೀತವನ್ನೇ ಓದಿ, ಪದವಿ ಕೈಗೆ ಬರಬೇಕಾದರೆ ಸರ್ಕಾರದ ಬಗ್ಗೆ ಆರು ಕ್ರೆಡಿಟ್, ಅಂದರೆ ಎರಡು ಕೋರ್ಸು, ಓದಲೇಬೇಕು. ಅದು ಆ ರಾಜ್ಯದ ಕಾನೂನು. ಮೊದಲ ಮೂರು ಕ್ರೆಡಿಟ್ಟಿನ ಕೋರ್ಸಿಗೆ ಗವರ್ನಮೆಂಟ್ 2305 ಎಂದು ಹೆಸರು, ಅದರಲ್ಲಿ ಒಕ್ಕೂಟ ಸರ್ಕಾರದ ಪಾಠ. ಎರಡನೆಯದು 2306, ಟೆಕ್ಸಾಸ್ ರಾಜ್ಯದ ಪಾಠ. ಸಾಗರದಲ್ಲಿ ಬಿ.ಎಸ್ಸಿ.ಯನ್ನು ಅರ್ಧಕ್ಕೆ ಬಿಟ್ಟು ಮದುವೆಯಾಗಿ ಇಲ್ಲಿಗೆ ಬಂದ ನಾನು, ನಲವತ್ತೆರಡನೆಯ ವಯಸ್ಸಿನಲ್ಲಿ ನರ್ಸಿಂಗ್ ಪದವಿಗೆಂದು ಕಮ್ಯುನಿಟಿ ಕಾಲೇಜು ಸೇರಿ 2305 ಅನ್ನು ಪೂರ್ತಿ ಆನ್‌ಲೈನ್‌ನಲ್ಲಿ ಮುಗಿಸಿದೆ. ಮಕ್ಕಳನ್ನು ಶಾಲೆಯ ಬಸ್ಸು ಹತ್ತಿಸಿ ಬಂದು ಪುಸ್ತಕ ತೆರೆಯುವ ನನ್ನಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹೆಸರು ನೋಂದಾಯಿಸುವ ಮೊದಲು ವೀಸಾ ನೋಡಿಕೊಳ್ಳಿ. ಕೆಲಸದ ವೀಸಾದಲ್ಲಿರುವವರ ಗಂಡ ಅಥವಾ ಹೆಂಡತಿಗೆ ಸಿಗುವ ಎಚ್-4 ವೀಸಾದಲ್ಲಿ ಇರುವವರು ಓದಲು ಅಡ್ಡಿಯಿಲ್ಲ. ಆದರೆ ಎಫ್-1 ವಿದ್ಯಾರ್ಥಿಗಳಿಗೆ ಒಂದು ಸೆಮಿಸ್ಟರಿನಲ್ಲಿ ಒಂದೇ ಆನ್‌ಲೈನ್ ಕೋರ್ಸು, ಮೂರೇ ಕ್ರೆಡಿಟ್ಟು ಪೂರ್ಣಾವಧಿಯ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ಅವರು ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯನ್ನು ಕೇಳದೆ ಮುಂದುವರಿಯಬಾರದು. ಎರಡನೆಯದು ಶುಲ್ಕ. ಕಾಲೇಜಿನ ತೆರಿಗೆ ಜಿಲ್ಲೆಯ (ಕಾಲೇಜಿಗೆಂದು ತೆರಿಗೆ ಕಟ್ಟುವ ಪ್ರದೇಶದ) ಒಳಗಿನವರಿಗೆ ಒಂದು ದರ, ಹೊರಗಿನವರಿಗೆ ಇನ್ನೊಂದು, ರಾಜ್ಯದ ನಿವಾಸಿ ಅಲ್ಲದವರಿಗೆ ಅದಕ್ಕಿಂತ ಎಷ್ಟೋ ಹೆಚ್ಚು. ಬಾಡಿಗೆ ಕರಾರು, ಚಾಲನಾ ಪರವಾನಗಿ ಮುಂತಾದ ದಾಖಲೆಗಳನ್ನು ಹಣ ಕಟ್ಟುವ ಮೊದಲೇ ಒಪ್ಪಿಸಿ ನಿವಾಸಿ ಎಂದು ನಮೂದಿಸಿಕೊಳ್ಳಿ.

ಹದಿನಾರು ವಾರದ ಕೋರ್ಸನ್ನೇ ಆರಿಸಿಕೊಳ್ಳಿ ಎಂಬುದು ನನ್ನ ಗಟ್ಟಿ ಸಲಹೆ. ಬೇಗ ಮುಗಿಯುತ್ತದೆಂದು ಎಂಟು ವಾರದ್ದಕ್ಕೆ ಅನೇಕರು ಕೈಹಾಕುತ್ತಾರೆ. ಪಾಠ ಕಡಿಮೆಯಾಗುವುದಿಲ್ಲ, ದಿನ ಮಾತ್ರ ಕಡಿಮೆ. ಹದಿನಾರು ವಾರದ್ದಕ್ಕೆ ನನಗೆ ವಾರಕ್ಕೆ ಒಂಬತ್ತು ಗಂಟೆ ಬೇಕಾಯಿತು. ಎಂಟು ವಾರದ್ದಾಗಿದ್ದರೆ ಹದಿನೆಂಟು ಗಂಟೆಯನ್ನು ಎಲ್ಲಿಂದ ತರುತ್ತಿದ್ದೆನೋ ಕಾಣೆ.

ಕೋರ್ಸು ತೆರೆದ ಮೊದಲ ಸಂಜೆ ಪಾಠ ಓದಬೇಡಿ, ಸಿಲಬಸ್ ಓದಿ. ನಮ್ಮ ಕಡೆ ಸಿಲಬಸ್ ಎಂದರೆ ಪಾಠಗಳ ಪಟ್ಟಿ. ಇಲ್ಲಿ ಅದು ಅಧ್ಯಾಪಕರಿಗೂ ನಮಗೂ ನಡುವಿನ ಕರಾರು ಪತ್ರವಿದ್ದಂತೆ. ಯಾವುದಕ್ಕೆ ಎಷ್ಟು ಅಂಕ, ತಡವಾದರೆ ಎಷ್ಟು ಕಡಿತ, ಪರೀಕ್ಷೆ ಎಂದು, ಎಲ್ಲವೂ ಅದರಲ್ಲಿರುತ್ತದೆ. ನಾನು ಎಲ್ಲ ಗಡುವುಗಳನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಬರೆದೆ. ಹದಿನಾರು ವಾರದ ಸೆಮಿಸ್ಟರಿನಲ್ಲಿ ತರಗತಿ ನಡೆಯುವ ದಿನಗಳಲ್ಲಿ ಹನ್ನೆರಡನೆಯದಕ್ಕೆ ಎರಡು ಗೆರೆ ಎಳೆದೆ. ಅದರೊಳಗೆ ಕೋರ್ಸು ಬಿಟ್ಟರೆ ಅಂಕಪಟ್ಟಿಯಲ್ಲಿ ಗುರುತು ಉಳಿಯುವುದಿಲ್ಲ. ಆಮೇಲೆ ಬಿಟ್ಟರೆ ‘ಡಬ್ಲ್ಯೂ’ ಎಂದು ದಾಖಲಾಗುತ್ತದೆ, ಮತ್ತು ಟೆಕ್ಸಾಸಿನಲ್ಲಿ ಹಾಗೆ ಬಿಡುವುದಕ್ಕೆ ಆರು ಕೋರ್ಸುಗಳ ಮಿತಿಯಿದೆ. ಪಠ್ಯಪುಸ್ತಕಕ್ಕೆ ನೂರಾರು ಡಾಲರ್ ಸುರಿಯುವ ಮೊದಲು ಅಧ್ಯಾಪಕರನ್ನು ಕೇಳಿ. ಹ್ಯೂಸ್ಟನ್ನಿನ ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ ಪ್ರಕಟಿಸಿರುವ ಪಠ್ಯ ಅಂತರ್ಜಾಲದಲ್ಲಿ ಉಚಿತವಾಗಿದೆ. ನಮಗೆ ಗೊತ್ತುಮಾಡಿದ್ದೂ ಅದನ್ನೇ.

ಇನ್ನು ಪಾಠದ ವಿಷಯ. ನನಗೆ ಕಷ್ಟ ಕೊಟ್ಟದ್ದು ಇಂಗ್ಲಿಷ್ ಅಲ್ಲ, ನಾನು ಮೊದಲೇ ಕಲಿತಿದ್ದ ರಾಜ್ಯಶಾಸ್ತ್ರ. ಹೈಸ್ಕೂಲಿನ ಪೌರನೀತಿ ಮತ್ತು ದಿನವೂ ಓದಿದ ಪತ್ರಿಕೆಗಳಿಂದ ನಮ್ಮ ತಲೆಯಲ್ಲಿ ಒಂದು ಸರ್ಕಾರ ಕುಳಿತುಬಿಟ್ಟಿರುತ್ತದೆ. ಕಾಂಗ್ರೆಸ್ ಎಂದರೆ ನಮಗೆ ಪಕ್ಷ, ಇಲ್ಲಿ ಅದು ಪ್ರತಿನಿಧಿ ಸಭೆ, ಸೆನೆಟ್ ಎಂಬ ಎರಡು ಸದನಗಳ ಸಂಸತ್ತು. ಗವರ್ನರ್ ಎಂದೊಡನೆ ನಮಗೆ ರಾಜಭವನ ನೆನಪಾಗುತ್ತದೆ. ಇಲ್ಲಿಯ ಗವರ್ನರ್ ಜನರಿಂದ ನೇರವಾಗಿ ಆರಿಸಿಬಂದವನು, ನಮ್ಮ ಮುಖ್ಯಮಂತ್ರಿಗೆ ಹತ್ತಿರದವನು. ‘ಸರ್ಕಾರ ಬಿತ್ತು’ ಎಂಬ ಮಾತು ಕನ್ನಡದಲ್ಲಿ ಎಷ್ಟು ಸಹಜ! ಶಾಸಕರನ್ನು ರೆಸಾರ್ಟಿಗೆ ಸಾಗಿಸುವುದನ್ನೂ ವಿಶ್ವಾಸಮತವನ್ನೂ ಕಂಡು ಬೆಳೆದವರು ನಾವು. ಅಮೆರಿಕದಲ್ಲಿ ಅಧ್ಯಕ್ಷನ ಸರ್ಕಾರ ಹಾಗೆ ಬೀಳುವುದೇ ಇಲ್ಲ. ನಾಲ್ಕು ವರ್ಷ ಎಂದರೆ ನಾಲ್ಕು ವರ್ಷ. ದೋಷಾರೋಪ ಹೊರಿಸಲು ಪ್ರತಿನಿಧಿ ಸಭೆಯಲ್ಲಿ ಬಹುಮತ ಸಾಕು, ಆದರೆ ಅಧ್ಯಕ್ಷನನ್ನು ಇಳಿಸಲು ಸೆನೆಟ್‌ನಲ್ಲಿ ಮೂರನೇ ಎರಡರಷ್ಟು ಮತ ಬೇಕು. ಸಂಸತ್ತಿನ ಸದಸ್ಯನಾಗಿದ್ದುಕೊಂಡೇ ಮಂತ್ರಿಯಾಗುವುದನ್ನು ಸಂವಿಧಾನದ ಒಂದನೆಯ ವಿಧಿ ನಿಷೇಧಿಸುತ್ತದೆ.

ನನ್ನ ಮೊದಲ ಪ್ರಬಂಧದಲ್ಲಿ ‘ಆಡಳಿತ ಪಕ್ಷ’ ಎಂದು ಮೂರು ಕಡೆ ಬರೆದಿದ್ದೆ. ಅಧ್ಯಾಪಕರು ಮೂರೂ ಕಡೆ ಅಂಚಿನಲ್ಲಿ ಒಂದೇ ಪ್ರಶ್ನೆ ಹಾಕಿದ್ದರು: ಯಾವ ಸದನದಲ್ಲಿ? ಅಧ್ಯಕ್ಷ ಒಂದು ಪಕ್ಷದವನಾಗಿದ್ದು, ಎರಡರಲ್ಲಿ ಒಂದು ಸದನ ಅಥವಾ ಎರಡೂ ಇನ್ನೊಂದು ಪಕ್ಷದ ಕೈಯಲ್ಲಿರುವುದು ಇಲ್ಲಿ ಮಾಮೂಲು. ಆವತ್ತೇ ನೋಟ್‌ಬುಕ್ಕಿನ ನಡುವೆ ಗೆರೆ ಎಳೆದು ಎಡಕ್ಕೆ ‘ನಮ್ಮಲ್ಲಿ’, ಬಲಕ್ಕೆ ‘ಇಲ್ಲಿ’ ಎಂದು ಬರೆದುಕೊಂಡೆ. ರಾಜ್ಯಸಭೆಯಲ್ಲಿ ಕರ್ನಾಟಕಕ್ಕೆ 12 ಸ್ಥಾನ, ಗೋವಾಕ್ಕೆ ಒಂದು. ಸೆನೆಟ್‌ನಲ್ಲಿ ಅತಿ ಹೆಚ್ಚು ಜನರಿರುವ ಕ್ಯಾಲಿಫೋರ್ನಿಯಾಕ್ಕೂ ಎರಡು, ಅತಿ ಕಡಿಮೆ ಜನರಿರುವ ವಯೋಮಿಂಗ್‌ಗೂ ಎರಡು. ನಮ್ಮಲ್ಲಿ ಪಟ್ಟಿಯಲ್ಲಿಲ್ಲದ ಉಳಿಕೆ ಅಧಿಕಾರ ಕೇಂದ್ರಕ್ಕೆ. ಇಲ್ಲಿ ಹತ್ತನೆಯ ತಿದ್ದುಪಡಿಯ ಪ್ರಕಾರ ರಾಜ್ಯಗಳಿಗೆ ಅಥವಾ ಜನರಿಗೆ. ಈ ಪಟ್ಟಿ ನಾಲ್ಕು ಪುಟ ಬೆಳೆಯಿತು, ಪರೀಕ್ಷೆಗೆ ನಾನು ಹೆಚ್ಚು ನೆಚ್ಚಿಕೊಂಡದ್ದೂ ಅದನ್ನೇ. ನೀವೂ ಮೊದಲ ವಾರದಿಂದಲೇ ಬರೆಯಿರಿ.

ಸಂವಿಧಾನದ ಮೂಲವನ್ನೇ ಓದಿ. ಹೆದರಬೇಕಾದ್ದಿಲ್ಲ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಹಿಯಾದ ಮೂಲ ಪಾಠ ಸುಮಾರು 4,500 ಪದ, ಏಳೇ ವಿಧಿ. ಒಂದು ಮಧ್ಯಾಹ್ನದ ಕೆಲಸ. ಅದರಲ್ಲಿ ಅರ್ಧದಷ್ಟು ಕಾಂಗ್ರೆಸ್ಸನ್ನು ಕುರಿತ ಒಂದನೆಯ ವಿಧಿಯೇ. ಅದರ ಎಂಟನೆಯ ಸೆಕ್ಷನ್ನಿನ ಹದಿನೆಂಟು ಅಂಶಗಳನ್ನು ನಾನು ಕೈಯಲ್ಲಿ ನಕಲು ಮಾಡಿದೆ. ತೆರಿಗೆ, ಸಾಲ, ವಾಣಿಜ್ಯ, ನಾಣ್ಯ, ಅಂಚೆ, ಯುದ್ಧ ಎಂದು ಸಾಗಿ, ಈ ಅಧಿಕಾರಗಳನ್ನು ಚಲಾಯಿಸಲು ‘ಅವಶ್ಯವೂ ಯುಕ್ತವೂ’ ಆದ ಎಲ್ಲ ಕಾನೂನು ಮಾಡಬಹುದು ಎಂಬಲ್ಲಿಗೆ ಪಟ್ಟಿ ಮುಗಿಯುತ್ತದೆ. ಆ ಕೊನೆಯ ಸಾಲು ಕೈಯಿಂದ ಇಳಿಯುವಾಗಲೇ 1819ರ ಮೆಕಲಕ್ ಮೊಕದ್ದಮೆ ನನಗೆ ಅರ್ಥವಾದದ್ದು.

ಮೊಕದ್ದಮೆಗಳಿಗೆ ನಾಲ್ಕು ಸಾಲಿನ ಟಿಪ್ಪಣಿ ಸಾಕು. ಏನಾಯಿತು: ಮೇರಿಲ್ಯಾಂಡ್ ರಾಜ್ಯ ಒಕ್ಕೂಟದ ಬ್ಯಾಂಕಿನ ಮೇಲೆ ತೆರಿಗೆ ಹಾಕಿತು, ಬ್ಯಾಂಕಿನ ಖಜಾಂಚಿ ಮೆಕಲಕ್ ಕಟ್ಟಲಿಲ್ಲ. ಪ್ರಶ್ನೆ ಏನು: ಸಂವಿಧಾನದಲ್ಲಿ ಬ್ಯಾಂಕ್ ಎಂಬ ಪದವೇ ಇಲ್ಲದಿರುವಾಗ ಕಾಂಗ್ರೆಸ್ ಬ್ಯಾಂಕ್ ಸ್ಥಾಪಿಸಬಹುದೇ, ರಾಜ್ಯ ಅದಕ್ಕೆ ತೆರಿಗೆ ಹಾಕಬಹುದೇ? ತೀರ್ಪು: ಸ್ಥಾಪಿಸಬಹುದು, ಹಾಕುವಂತಿಲ್ಲ. ಏಕೆ: ಆ ಹದಿನೆಂಟನೆಯ ಅಂಶ, ಮತ್ತು ಒಕ್ಕೂಟದ ಕಾನೂನೇ ಮೇಲು ಎಂಬ ಆರನೆಯ ವಿಧಿ. 1803ರ ಮಾರ್ಬರಿ, 1954ರ ಬ್ರೌನ್, 1963ರ ಗಿಡಿಯನ್, 1966ರ ಮಿರಾಂಡಾ, ಎಲ್ಲಕ್ಕೂ ಹೀಗೆಯೇ ಒಂದೊಂದು ಚೀಟಿ ಮಾಡಿ ಡಬ್ಬದಲ್ಲಿಡಿ.

ವಾರದ ಚರ್ಚೆಯನ್ನು ಹಗುರವಾಗಿ ಕಾಣಬೇಡಿ, ನಮ್ಮ ಕೋರ್ಸಿನಲ್ಲಿ ಅದಕ್ಕೇ ಕಾಲು ಭಾಗ ಅಂಕ. ಗುರುವಾರದೊಳಗೆ ನಮ್ಮ ಬರಹ, ಭಾನುವಾರ ರಾತ್ರಿ 11:59ರೊಳಗೆ ಇಬ್ಬರು ಸಹಪಾಠಿಗಳಿಗೆ ಉತ್ತರ. ‘ನಿಮ್ಮ ಮಾತು ಸರಿ’ ಎಂದಷ್ಟೇ ಬರೆದರೆ ಅಂಕವಿಲ್ಲ. ಅವರ ಒಂದು ವಾಕ್ಯವನ್ನು ಹಿಡಿದು, ಪಠ್ಯದಿಂದ ಒಂದು ಸಂಗತಿ ಸೇರಿಸಿ, ಒಂದು ಪ್ರಶ್ನೆ ಕೇಳಿ. ಪೌರತ್ವದ ವಾರ ನಾನು ಭಗತ್ ಸಿಂಗ್ ಥಿಂಡ್ ಬಗ್ಗೆ ಬರೆದೆ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದ ಪಂಜಾಬಿನ ಆ ಮನುಷ್ಯನಿಗೆ, ನೀನು ‘ಬಿಳಿಯ’ ಅಲ್ಲ, ಪೌರನಾಗಲಾರೆ ಎಂದು ಸುಪ್ರೀಂ ಕೋರ್ಟ್ 1923ರಲ್ಲಿ ಹೇಳಿತು. 1946ರಲ್ಲಿ ಕಾಂಗ್ರೆಸ್ ಕಾನೂನು ತಿದ್ದಿತು. ಅದಾಗಿ ಹತ್ತೇ ವರ್ಷಕ್ಕೆ ದಲೀಪ್ ಸಿಂಗ್ ಸೌಂಡ್ ಕ್ಯಾಲಿಫೋರ್ನಿಯಾದಿಂದ ಪ್ರತಿನಿಧಿ ಸಭೆಗೆ ಆರಿಸಿಬಂದರು. 2023ರಲ್ಲಿ ಮಿಷಿಗನ್ನಿನಿಂದ ಅದೇ ಸಭೆಗೆ ಹೋದ ಶ್ರೀ ಥಾಣೇದಾರ್ ನಮ್ಮ ಬೆಳಗಾವಿಯಲ್ಲಿ ಬೆಳೆದವರು. ಆ ವಾರ ಹನ್ನೊಂದು ಮಂದಿ ನನಗೆ ಉತ್ತರ ಬರೆದರು. ಥಿಂಡ್ ಹೆಸರನ್ನು ಅವರಲ್ಲಿ ಯಾರೂ ಕೇಳಿರಲಿಲ್ಲ.

ನಡುವೆ ಊರಿಗೆ ಹೋಗುವವರು ಗಡಿಯಾರದ ಲೆಕ್ಕ ಇಟ್ಟುಕೊಳ್ಳಿ. ಟೆಕ್ಸಾಸಿನ ಭಾನುವಾರ ರಾತ್ರಿ 11:59 ಎಂದರೆ ಬೇಸಿಗೆಯಲ್ಲಿ ಭಾರತದ ಸೋಮವಾರ ಬೆಳಿಗ್ಗೆ 10:29, ಚಳಿಗಾಲದಲ್ಲಿ 11:29.

ಪರೀಕ್ಷೆ ಕ್ಯಾಮೆರಾದ ಕಣ್ಣೆದುರು ನಡೆಯುತ್ತದೆ. ಮೊದಲು ಗುರುತಿನ ಚೀಟಿ, ಆಮೇಲೆ ಮೇಜು, ಗೋಡೆ, ನೆಲ ಎಲ್ಲವನ್ನೂ ತೋರಿಸಬೇಕು. ನನ್ನ ಎರಡನೆಯ ಪರೀಕ್ಷೆಯ ಹೊತ್ತಿನಲ್ಲಿ ಅತ್ತೆಯವರು ಪ್ರೀತಿಯಿಂದ ಕಾಫಿ ತಂದಿಟ್ಟು ಹೋದರು. ಇನ್ನೊಬ್ಬರು ಕೋಣೆಯೊಳಗೆ ಬಂದರೆಂದು ತಂತ್ರಾಂಶ ದೂರು ದಾಖಲಿಸಿತು. ಅಧ್ಯಾಪಕರು ಕೇಳುವವರೆಗೆ ಕಾಯದೆ, ಎಷ್ಟು ಗಂಟೆಗೆ ಏನಾಯಿತು ಎಂದು ಆ ಸಂಜೆಯೇ ಪತ್ರ ಬರೆದೆ. ಅವರು ಚಿತ್ರೀಕರಣ ನೋಡಿ ವಿಷಯವನ್ನು ಅಲ್ಲಿಗೇ ಬಿಟ್ಟರು. ಮನೆಯವರೆಲ್ಲರಿಗೂ ಮೊದಲೇ ಹೇಳಿ, ಬಾಗಿಲಿಗೆ ಚೀಟಿ ಅಂಟಿಸಿ. ಅಂಕವಿಲ್ಲದ ಅಭ್ಯಾಸ ಪರೀಕ್ಷೆ ಕೊಟ್ಟಿದ್ದರೆ ಅದೇ ಲ್ಯಾಪ್‌ಟಾಪಿನಲ್ಲಿ, ಅದೇ ಕುರ್ಚಿಯಲ್ಲಿ ಕುಳಿತು ಒಮ್ಮೆ ಬರೆದು ನೋಡಿ.

ಅಧ್ಯಾಪಕರ ಭೇಟಿಯ ಸಮಯವನ್ನು ಬಳಸಿಕೊಳ್ಳಿ. ನಾವು ಸಂಕೋಚದಿಂದ ಹಿಂದೆ ಸರಿಯುತ್ತೇವೆ. ಆ ಸಮಯ ನಮಗೆಂದೇ ಇಟ್ಟದ್ದು, ನಮ್ಮ ಶುಲ್ಕದಲ್ಲೇ ಸೇರಿದ್ದು. ಪ್ರಬಂಧದ ಕರಡನ್ನು ಗಡುವಿಗೆ ನಾಲ್ಕು ದಿನ ಮೊದಲು ಕಾಲೇಜಿನ ಬರವಣಿಗೆ ಕೇಂದ್ರಕ್ಕೆ ಕಳಿಸಿದರೆ ಅವರೂ ಓದಿ ಸಲಹೆ ಕೊಡುತ್ತಾರೆ, ಅದಕ್ಕೂ ಹಣವಿಲ್ಲ.

ಕೋರ್ಸು ಮುಗಿದ ಮೇಲೆ ಸಿಲಬಸ್ಸನ್ನು ಅಳಿಸಬೇಡಿ. ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುವಾಗ, ಅದರಲ್ಲೂ ಬೇರೆ ರಾಜ್ಯಕ್ಕೆ ಹೋಗುವಾಗ, ಕ್ರೆಡಿಟ್ ಒಪ್ಪಿಕೊಳ್ಳಲು ಅದನ್ನು ಕೇಳುವುದುಂಟು. ನನ್ನದು ಆ ನಾಲ್ಕು ಪುಟದ ಪಟ್ಟಿಯ ಜೊತೆಗೆ ಒಂದೇ ಫೈಲಿನಲ್ಲಿದೆ. ಜನವರಿಯಲ್ಲಿ 2306 ಶುರು. ಟೆಕ್ಸಾಸಿನ ಶಾಸನಸಭೆಯ ಸಾಮಾನ್ಯ ಅಧಿವೇಶನ ಬೆಸ ಸಂಖ್ಯೆಯ ವರ್ಷಗಳಲ್ಲಿ ಮಾತ್ರ, ಅದೂ 140 ದಿನ. ‘ನಮ್ಮಲ್ಲಿ’, ‘ಇಲ್ಲಿ’ ಎಂದು ಗೆರೆ ಎಳೆದು ಐದನೆಯ ಪುಟವನ್ನು ಸಿದ್ಧವಾಗಿಟ್ಟಿದ್ದೇನೆ.