ಸೊರಗಿರೋ ಹಳೇ ಪೇಟೆಗೆ ಮತ್ತೆ ಜೀವ ತರೋದು ಹೇಗೆ?

ಊರಿನ ಹಳೇ ಮಾರ್ಕೆಟ್ ಸರಿಮಾಡೋಣ ಅಂತ ಜನ ಸೇರಿದ್ ಕೂಡ್ಲೇ ಎಲ್ರೂ ಟೈಲ್ಸು, ಲೈಟು, ಪೇಂಟು ಅಂತಾನೇ ಶುರು ಮಾಡ್ತಾರೆ. ದಯವಿಟ್ಟು ಅದನ್ನ ಕೊನೇಗೆ ಇಟ್ಕೊಳ್ಳಿ. ಮೊದ್ಲು ಒಂದು ನೋಟ್‌ಬುಕ್ ಹಿಡ್ಕೊಂಡು ಅಂಗಡಿ ಅಂಗಡಿಗೂ ಹೋಗಿ, ಖಾತೆ ಯಾರ ಹೆಸರಲ್ಲಿದೆ, ಒಳಬಾಡಿಗೆ ಇದ್ಯಾ, ಕೋರ್ಟ್ ಕೇಸ್ ಇದ್ಯಾ, ಮಹಡಿ ಮೇಲೆ ಯಾರಾದ್ರೂ ಇದಾರಾ ಎಲ್ಲಾ ಬರ್ಕೊಳ್ಳಿ. ಯಾಕಂದ್ರೆ ದೊಡ್ಡ ಅಡ್ಡಿ ಇರೋದೇ ಇಲ್ಲಿ: ಬಾಡಿಗೆ ಯಾವ ಕಾಲದ್ದೋ, ಅದರಲ್ಲಿ ಓನರ್‌ಗೆ ರಿಪೇರಿ ಗಿಟ್ಟಲ್ಲ, ಬಾಡಿಗೆದಾರರಿಗೆ ಒಂದ್ಸಲ ಖಾಲಿ ಮಾಡಿದ್ರೆ ಅಂಗಡಿ ವಾಪಸ್ ಸಿಗಲ್ಲ ಅನ್ನೋ ಭಯ, ಅಣ್ಣತಮ್ಮಂದಿರ ಪಾಲು ಬೇರೆ ಇತ್ಯರ್ಥ ಆಗಿರಲ್ಲ.

ಮೈಸೂರನ್ನೇ ನೋಡಿ. 2012ರಲ್ಲಿ ಹಳೇ ಅಂಗಡಿಗಳಿದ್ದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ತೀರ್ಕೊಂಡ್ರು, 2016ರಲ್ಲಿ ದೇವರಾಜ ಮಾರ್ಕೆಟ್‌ನ ಉತ್ತರ ಭಾಗ ಬಿತ್ತು, ಆಮೇಲೆ ಕೆಡವ್ಬೇಕಾ ಉಳಿಸ್ಬೇಕಾ ಅನ್ನೋ ಜಗಳ ಹೈಕೋರ್ಟ್‌ವರೆಗೂ ಹೋಗಿ ವರ್ಷಗಟ್ಟಲೆ ಎಳೀತು. ಆ ಜಗಳ ಮುಗೀಲಿ ಅಂತ ಮಳೆ ಕಾಯಲ್ಲ. ಅದಕ್ಕೇ ನಿಮ್ಮೂರಲ್ಲಿ ತೀರ್ಮಾನ ಆಗೋ ಮುಂಚೆನೇ ಸಣ್ಣ ಕೆಲಸ ಮಾಡ್ಸಿ: ಸೋರೋ ಹೆಂಚು ಬದಲಾಯ್ಸಿ, ಗೋಡೇಲಿ ಹುಟ್ಟಿರೋ ಅರಳಿ ಗಿಡ ತೆಗೆಸಿ, ಮಳೆನೀರಿನ ಪೈಪ್ ಕಟ್ಕೊಂಡಿದ್ರೆ ಬಿಡಿಸಿ. ಸುಣ್ಣದ ಗಾರೆ ಗೋಡೆಗೆ ಮಾತ್ರ ಸಿಮೆಂಟ್ ಮೆತ್ತಬೇಡಿ, ಒಳಗಿನ ತೇವ ಹೊರಗೆ ಬರಕ್ಕಾಗ್ದೆ ಗೋಡೆ ಒಳಗಿಂದಾನೇ ಹಾಳಾಗತ್ತೆ. ಗಾರೆ ಕೆಲಸ ಗೊತ್ತಿರೋ ಇಂಜಿನಿಯರ್ ಹತ್ರನೇ ತೋರಿಸಿ.

ಬಾಡಿಗೆದಾರರ ಭಯ ಹೋಗ್ಬೇಕಂದ್ರೆ ಬಾಯಿಮಾತು ಸಾಲಲ್ಲ. ಅಂಗಡಿ ನಂಬರ್, ಎಷ್ಟು ಚದರಡಿ, ವಾಪಸ್ ಬಂದಾಗ ಬಾಡಿಗೆ ಎಷ್ಟು, ಇಷ್ಟನ್ನೂ ಪೇಪರ್ ಮೇಲೆ ಬರೆಸಿ ಸಹಿ ಹಾಕಿಸಿ, ಇಲ್ಲಾಂದ್ರೆ ಯಾರೂ ಜಾಗ ಬಿಡಲ್ಲ, ಬಿಡ್ಬಾರ್ದು ಕೂಡ. ತಾತ್ಕಾಲಿಕ ಶೆಡ್ ಊರಾಚೆ ಹಾಕಿದ್ರೆ ಗಿರಾಕಿ ಅಲ್ಲಿಗೆ ಬರಲ್ಲ, ಪಕ್ಕದ ಬೀದೀಲೇ ಜಾಗ ಕೇಳಿ.

ಬುಟ್ಟಿ ಇಟ್ಕೊಂಡು ಹೂವು, ಸೊಪ್ಪು ಮಾರೋರನ್ನ ಓಡಿಸಿ ಪೇಟೆ ಚಂದ ಮಾಡ್ತೀವಿ ಅನ್ನೋ ಪ್ಲಾನ್ ಬಂದ್ರೆ ಖಂಡಿತ ವಿರೋಧ ಮಾಡಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಬೀದಿ ವ್ಯಾಪಾರಿಗಳ ಸರ್ವೆ ಮುಗಿದು ಅವರಿಗೆ ವ್ಯಾಪಾರದ ಸರ್ಟಿಫಿಕೇಟ್ ಕೊಡೋವರೆಗೂ ಅವರನ್ನ ಎಬ್ಬಿಸೋ ಹಾಗಿಲ್ಲ, ಬೀದಿ ವ್ಯಾಪಾರದ ವಿಷಯ ನೋಡ್ಕೊಳ್ಳೋ ಪಟ್ಟಣ ವ್ಯಾಪಾರ ಸಮಿತೀಲಿ ಕನಿಷ್ಠ ಶೇ. 40ರಷ್ಟು ವ್ಯಾಪಾರಿಗಳೇ ಇರ್ಬೇಕು. ನಿಮ್ಮೂರಲ್ಲಿ ಆ ಸಮಿತಿ ಸಭೆ ನಡೀತಿದ್ಯಾ, ಸರ್ವೆ ಆಗಿದ್ಯಾ ಅಂತ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡ್ಬೇಕು. ಪೇಟೆಗೆ ಜನ ಬರೋದೇ ಈ ಬೀದಿ ವ್ಯಾಪಾರಿಗಳಿಂದ ಅನ್ನೋದನ್ನ ಅಂಗಡಿಯವರಿಗೂ ಕೂತು ಹೇಳ್ಬೇಕಾಗತ್ತೆ.

ರಸ್ತೆ ಕೆಲಸಕ್ಕೆ ಬಂದಾಗ ಯುಜಿಡಿ (ಒಳಚರಂಡಿ), ನೀರಿನ ಪೈಪು, ಕೇಬಲ್ಲು ಎಲ್ಲಾ ಒಂದೇ ಸಲ ನೆಲದಡಿ ಹೋಗ್ಬೇಕು, ಆಮೇಲೆ ಮೇಲ್ಗಡೆ ಕಲ್ಲು. ಬೆಂಗಳೂರಿನ ಚರ್ಚ್ ಸ್ಟ್ರೀಟ್ 2018ರಲ್ಲಿ ಕಲ್ಲು ಹಾಸಿನ ಬೀದಿಯಾಗಿ ತೆರೀತು, ಈಗ ಅಲ್ಲಿ ನಡ್ಕೊಂಡು ಓಡಾಡೋಕೆ ಅಂತಾನೇ ಜನ ಬರ್ತಾರೆ, ಆದ್ರೆ ಕೆಲಸ ನಡೆಯೋ ಅಷ್ಟು ತಿಂಗಳು ಅಂಗಡಿ ಬಾಗಿಲಲ್ಲೇ ಗುಂಡಿ ಇದ್ರೆ ಸಣ್ಣ ವ್ಯಾಪಾರಿ ತಡ್ಕೊಳ್ಳೋದು ಕಷ್ಟ. ಹಾಗಾಗಿ ಬೀದೀನ ತುಂಡು ತುಂಡಾಗಿ ಅಗೀಬೇಕು, ದಸರಾ ದೀಪಾವಳಿ ಸೀಸನ್ನಲ್ಲಿ ಮುಟ್ಟಬಾರ್ದು ಅಂತ ಟೆಂಡರಲ್ಲೇ ಸೇರಿಸೋಕೆ ಒತ್ತಾಯ ಮಾಡಿ. ಹೆಂಗಸರಿಗೆ ಶೌಚಾಲಯ, ಲೋಡಿಂಗ್‌ಗೆ ಬೆಳಗಿನ ಟೈಮು, ಇವೂ ಅದೇ ಪ್ಲಾನಲ್ಲಿ ಬರ್ಲಿ.

ಕೆಲಸ ಮುಗಿದ ಮೇಲೆ ಚರಂಡಿ ಕ್ಲೀನ್ ಮಾಡೋದು ಯಾರು, ಕಲ್ಲು ಕಿತ್ತೋದ್ರೆ ಎಷ್ಟು ವರ್ಷ ಕಂಟ್ರಾಕ್ಟರ್ ಸರಿಮಾಡ್ಬೇಕು ಅನ್ನೋದನ್ನ ಬಿಲ್ ಪಾಸಾಗೋ ಮುಂಚೆ ಕೇಳಿ, ಆ ಕರಾರಿನ ಒಂದು ಕಾಪಿ ವರ್ತಕರ ಸಂಘದಲ್ಲಿ ಇಡ್ಸಿ.